ನಾಲ್ಕು ಆಂಟೆನಾದಲ್ಲಿ ಯಾವ ಎರಡು? ಮೈಮೋ ಸಿಸ್ಟಮ್‌ಗೆ ಆಂಟೆನಾ ಆರಿಸುವ ಸಮಗ್ರ ಮಾರ್ಗದರ್ಶಿ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಿಗ್ನಲ್ ನೇರವಾಗಿ ಬಂದು ತಲುಪುವ ಮನೆಗಳು ಕಡಿಮೆ. ನಂದಿ, ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಅಂತ ಎತ್ತ ತಿರುಗಿದರೂ ಬಂಡೆಗುಡ್ಡ. ಟವರ್ ಗುಡ್ಡದ ಆಚೆ, ಮನೆ ಈಚೆ. ರೇಡಿಯೋ ಅಲೆ ಬಂಡೆಗೆ ಬಡಿದು, ನೀರಿನ ಟ್ಯಾಂಕಿಗೆ ಬಡಿದು, ದ್ರಾಕ್ಷಿ ತೋಟದ ಕಂಬ ತಂತಿಗಳ ನಡುವೆ ನುಸುಳಿ ಹತ್ತಾರು ದಾರಿಯಲ್ಲಿ ನಿಮ್ಮ ತಾರಸಿಗೆ ಬರುತ್ತದೆ. ಒಂದೇ ಆಂಟೆನಾ ಇದ್ದರೆ ಇದು ತಲೆನೋವು. ಹಲವು ಆಂಟೆನಾ ಇದ್ದರೆ ಇದೇ ಲಾಭ, ಯಾಕೆಂದರೆ ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳನ್ನು ಬೇರೆ ಬೇರೆ ಸ್ಟ್ರೀಮ್ (ಡೇಟಾ ಹರಿವು) ಆಗಿ ಬಿಡಿಸಿಕೊಳ್ಳಬಹುದು. ಮೈಮೋ ಅಂದರೆ ಅದೇ. ಈ ಐಡಿಯಾಗೆ ಪೇಟೆಂಟ್ ಪಡೆದವರು ಆರೋಗ್ಯಸ್ವಾಮಿ ಪಾಲ್‌ರಾಜ್ ಮತ್ತು ಥಾಮಸ್ ಕೈಲಾತ್, 1994ರಲ್ಲಿ. ಪಾಲ್‌ರಾಜ್ ಅಮೆರಿಕಕ್ಕೆ ಹೋಗುವ ಮುಂಚೆ ಬೆಂಗಳೂರಿನಲ್ಲೇ ಕೆಲಸ ಮಾಡಿದ್ದವರು.

ಇದನ್ನು ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳ ಕೊನೆ ವರ್ಷದ ಪ್ರಾಜೆಕ್ಟ್ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ಹಳ್ಳಿಗಳಿಗೆ ವೈರ್‌ಲೆಸ್ ಲಿಂಕ್ ಹಾಕುವವರಿಗೂ ಉಪಯೋಗ ಆಗುತ್ತದೆ. ಮ್ಯಾಟ್ರಿಕ್ಸ್ ಅಂದರೆ ಏನು, ಡಿಬಿ ಅಂದರೆ ಏನು ಅಂತ ಗೊತ್ತಿದ್ದರೆ ಸಾಕು.

ಆರಿಸುವುದು ಯಾಕೆ, ಎಲ್ಲವನ್ನೂ ಬಳಸಬಾರದಾ?

ಬಳಸಬಹುದು, ದುಡ್ಡಿದ್ದರೆ. ಆಂಟೆನಾ ಅಂದರೆ ಒಂದು ಲೋಹದ ತುಂಡು, ಅಗ್ಗ. ಅದರ ಹಿಂದೆ ಕೂರುವ ಆರ್‌ಎಫ್ ಚೈನ್ ದುಬಾರಿ. ಲೋ ನಾಯ್ಸ್ ಆಂಪ್ಲಿಫೈಯರ್, ಮಿಕ್ಸರ್, ಫಿಲ್ಟರ್, ಎಡಿಸಿ (ಸಿಗ್ನಲ್ಲನ್ನು ಅಂಕಿಗಳಾಗಿ ಬದಲಿಸುವ ಭಾಗ) ಎಲ್ಲ ಸೇರಿ ಒಂದು ಚೈನ್. ಕರೆಂಟ್ ತಿನ್ನುವುದೂ ಅದೇ, ಬಿಸಿಯಾಗುವುದೂ ಅದೇ. ಹಾಗಾಗಿ ನಾಲ್ಕು ಆಂಟೆನಾ ಹಾಕಿ, ಎರಡೇ ಚೈನ್ ಇಟ್ಟು, ನಡುವೆ ಒಂದು ಸ್ವಿಚ್ ಕೂರಿಸಿ, ಆ ಹೊತ್ತಿಗೆ ಯಾವ ಎರಡು ಚೆನ್ನಾಗಿವೆಯೋ ಅವನ್ನು ಜೋಡಿಸುತ್ತಾರೆ. ಇದನ್ನೇ ಆಂಟೆನಾ ಸೆಲೆಕ್ಷನ್ ಅನ್ನುವುದು. 2009ರಲ್ಲಿ ಬಂದ 802.11ಎನ್ ವೈಫೈ ಸ್ಟ್ಯಾಂಡರ್ಡ್‌ನಲ್ಲಿ ಇದಕ್ಕೆ ಜಾಗ ಇದೆ. 4ಜಿ ಮೊಬೈಲಿನ ಸ್ಟ್ಯಾಂಡರ್ಡ್ ಆದ ಎಲ್‌ಟಿಇಯ ಮೊದಲ ರಿಲೀಸ್‌ನಿಂದಲೇ, ಅಂದರೆ ರಿಲೀಸ್ 8ರಿಂದಲೇ, ಫೋನು ಎರಡು ಆಂಟೆನಾದಲ್ಲಿ ಒಂದನ್ನು ಆರಿಸಿ ಕಳಿಸುವ ಸೌಲಭ್ಯ ಇದೆ. ಈ ವಿಷಯದಲ್ಲಿ ಗಟ್ಟಿಯಾಗಿ ಕೆಲಸ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೀಲೇಶ್ ಮೆಹ್ತಾ ಒಬ್ಬರು. ಪ್ರಾಜೆಕ್ಟ್ ಮಾಡುವವರು ಅವರ ಲೇಖನಗಳನ್ನು ಹುಡುಕಿ ಓದಲೇಬೇಕು.

ಲಾಭ ಎಷ್ಟು ಅಂತ ಒಂದು ಸರಳ ಲೆಕ್ಕ ನೋಡಿ. ಒಂದು ಆಂಟೆನಾದ ಸಿಗ್ನಲ್ 10 ಸಲದಲ್ಲಿ ಒಂದು ಸಲ ಕೆಲಸಕ್ಕೆ ಬಾರದಷ್ಟು ಕುಸಿಯುತ್ತದೆ ಅಂದುಕೊಳ್ಳಿ. ನಾಲ್ಕು ಆಂಟೆನಾಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಏರಿಳಿದರೆ, ನಾಲ್ಕೂ ಒಟ್ಟಿಗೆ ಕುಸಿಯುವುದು 10,000 ಸಲದಲ್ಲಿ ಒಂದು ಸಲ ಮಾತ್ರ. ಬರೀ ಒಂದು ಚೈನ್ ಇಟ್ಟು ಪ್ರತಿ ಸಲ ಚೆನ್ನಾಗಿರುವ ಒಂದನ್ನು ಆರಿಸಿದರೂ ಈ ರಕ್ಷಣೆ ಪೂರ್ತಿ ಸಿಗುತ್ತದೆ. ಕಳೆದುಕೊಳ್ಳುವುದು ಸರಾಸರಿ ಬಲದಲ್ಲಿ. ರೇಲೀ ಫೇಡಿಂಗ್‌ನಲ್ಲಿ, ಅಂದರೆ ನೇರ ಅಲೆಯಿಲ್ಲದೆ ಚದುರಿದ ಅಲೆಗಳಷ್ಟೇ ಬಂದು ಸಿಗ್ನಲ್ ಏರಿಳಿಯುವಾಗ, ನಾಲ್ಕರಲ್ಲಿ ಒಂದನ್ನು ಆರಿಸಿದರೆ ಸರಾಸರಿ ಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಬಲ ಎಷ್ಟು ಪಟ್ಟು ಅನ್ನುವ ಅಳತೆ) 2.08 ಪಟ್ಟು ಆಗುತ್ತದೆ, ಅಂದರೆ 3.2 ಡಿಬಿ. ನಾಲ್ಕನ್ನೂ ಸೇರಿಸಿದರೆ 4 ಪಟ್ಟು, 6 ಡಿಬಿ. ಮೂರು ಚೈನ್ ಉಳಿಸಿ 3 ಡಿಬಿಗಿಂತ ಕಡಿಮೆ ಬಿಟ್ಟುಕೊಡುವುದು ಒಳ್ಳೆ ವ್ಯಾಪಾರ ಅಂತಲೇ ನನ್ನ ಅಭಿಪ್ರಾಯ.

ಹೆಜ್ಜೆ 1: ನಿಮಗೆ ವೇಗ ಬೇಕಾ, ಭರವಸೆ ಬೇಕಾ

ಇದನ್ನು ಮೊದಲೇ ತೀರ್ಮಾನ ಮಾಡಿ. ಬಹಳ ಜನ ಇದನ್ನು ಬಿಟ್ಟು ಸೀದಾ ಕೋಡ್ ಬರೆಯಲು ಕೂರುತ್ತಾರೆ.

ತೋಟದ ಪಂಪಿನ ಸೆನ್ಸರ್, ವಾಲ್ವ್ ಕಂಟ್ರೋಲ್ ಇಂಥದ್ದಕ್ಕೆ ವೇಗ ಬೇಡ, ಲಿಂಕ್ ತಪ್ಪದಿದ್ದರೆ ಸಾಕು. ಅಲ್ಲಿ ಒಂದೇ ಡೇಟಾವನ್ನು ಎರಡು ಆಂಟೆನಾದಿಂದ ಅಲಮೂಟಿ ಕೋಡ್ ಅನ್ನುವ ವಿಧಾನದಲ್ಲಿ ಕಳಿಸುತ್ತೀರಿ. ಆಗ ಆರಿಸುವ ನಿಯಮ ತುಂಬಾ ಸುಲಭ: ಯಾವುದರ ಬಲ ಜಾಸ್ತಿಯೋ ಅದನ್ನು ಆರಿಸಿ. ಮುಗಿಯಿತು. ಕೆಳಗಿನ ದೊಡ್ಡ ಲೆಕ್ಕ ನಿಮಗೆ ಬೇಡವೇ ಬೇಡ.

ವಿಡಿಯೋ, ಶಾಲೆಯ ಇಂಟರ್ನೆಟ್, ಊರಿಗೆ ಹಂಚುವ ಲಿಂಕ್ ಅಂದರೆ ಎರಡು ಬೇರೆ ಸ್ಟ್ರೀಮ್‌ಗಳನ್ನು ಒಟ್ಟಿಗೆ ಓಡಿಸಬೇಕು. ಇಲ್ಲಿ ಬಲ ಒಂದನ್ನೇ ನೋಡಿದರೆ ಕೆಡುತ್ತೀರಿ. ಯಾಕೆ ಅಂತ ಐದನೇ ಹೆಜ್ಜೆಯಲ್ಲಿ ಅಂಕಿಗಳ ಸಮೇತ ತೋರಿಸುತ್ತೇನೆ. ನೆನಪಿಡಿ, ಚೈನ್‌ಗಳ ಸಂಖ್ಯೆ ಸ್ಟ್ರೀಮ್‌ಗಳ ಸಂಖ್ಯೆಗಿಂತ ಕಡಿಮೆ ಇರಬಾರದು. ಎರಡು ಸ್ಟ್ರೀಮ್ ಬೇಕೆಂದರೆ ಕನಿಷ್ಠ ಎರಡು ಚೈನ್.

ಹೆಜ್ಜೆ 2: ಆಂಟೆನಾಗಳನ್ನು ಎಲ್ಲಿ ನಿಲ್ಲಿಸಬೇಕು

ನಾಲ್ಕೂ ಒಂದೇ ಥರ ಕೇಳಿಸಿಕೊಂಡರೆ ಆರಿಸಲು ಏನೂ ಇರುವುದಿಲ್ಲ. ಒಂದೇ ಜಗಲಿ ಮೇಲೆ ಕೂತ ನಾಲ್ಕು ಜನರನ್ನು ಊರ ಸುದ್ದಿ ಕೇಳಿದರೆ ನಾಲ್ಕೂ ಕಡೆ ಅದೇ ಸುದ್ದಿ ಸಿಗುತ್ತದೆ, ಅಲ್ವಾ? ಆಂಟೆನಾ ನಿಲ್ಲಿಸುವಾಗ ಇದು ತಲೆಯಲ್ಲಿರಲಿ.

2.4 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 12.5 ಸೆಂಟಿಮೀಟರ್. ಅರ್ಧ ತರಂಗ, ಅಂದರೆ ಸುಮಾರು 6.25 ಸೆಂಟಿಮೀಟರ್ ಅಂತರ ಇರಲೇಬೇಕು ಅಂತ ಪುಸ್ತಕಗಳು ಹೇಳುತ್ತವೆ. ಮನೆಯೊಳಗೆ, ಅಲೆಗಳು ಎಲ್ಲ ದಿಕ್ಕಿನಿಂದ ಬರುವ ಕಡೆ, ಅದು ಸರಿ. ತಾರಸಿ ಮೇಲೆ ಹಾಗಲ್ಲ. ಅಲ್ಲಿ ಅಲೆಗಳು ಒಂದೆರಡು ದಿಕ್ಕಿನಿಂದಲೇ ಜಾಸ್ತಿ ಬರುವುದರಿಂದ ಅರ್ಧ ತರಂಗ ಸಾಲದು, ಕೆಲವು ತರಂಗದಷ್ಟು ಅಂತರ ಕೊಡಿ. ತಾರಸಿಯಲ್ಲಿ ಜಾಗಕ್ಕೇನು ಬರ, ಅರ್ಧ ಮೀಟರ್, ಒಂದು ಮೀಟರ್ ಬಿಟ್ಟು ನಿಲ್ಲಿಸಿ.

ಆದರೆ ದೂರ ಇಟ್ಟಷ್ಟೂ ಕೇಬಲ್ ಉದ್ದ ಆಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಕೇಬಲ್ ಮೀಟರಿಗೆ ಸುಮಾರು 1 ಡಿಬಿ ನುಂಗುತ್ತದೆ. ಐದು ಮೀಟರ್ ಎಳೆದರೆ ಸಿಗ್ನಲ್‌ನ ಮೂರನೇ ಎರಡು ಭಾಗ ಕೇಬಲ್‌ನಲ್ಲೇ ಹೋಯಿತು. ದಪ್ಪದ ಎಲ್‌ಎಂಆರ್-400 ಮೀಟರಿಗೆ 0.22 ಡಿಬಿ ಅಷ್ಟೇ, ಆದರೆ ಬೆಲೆ ಜಾಸ್ತಿ, ಬಗ್ಗಿಸುವುದು ಕಷ್ಟ. ನಾಲ್ಕೂ ಕೇಬಲ್ ಒಂದೇ ಜಾತಿ, ಒಂದೇ ಉದ್ದ ಇರಲಿ. ನಂದಿ ಕಡೆ ಇರುವವರು ಕೇಬಲ್‌ಗಳನ್ನು ಪೈಪಿನೊಳಗೆ ಹಾಕಿ ಬಿಗಿಯಾಗಿ ಕ್ಲ್ಯಾಂಪ್ ಮಾಡಿ, ಅಲ್ಲಿ ಮಂಗಗಳು ಏನನ್ನೂ ಬಿಡುವುದಿಲ್ಲ.

ಇನ್ನೊಂದು ಮಾತು, ಇದು ನಿಜಕ್ಕೂ ಮುಖ್ಯ. ಟವರ್ ಕಣ್ಣಿಗೆ ಕಾಣುವಂತಿದ್ದರೆ ಅಂತರದಿಂದ ಅಷ್ಟು ಪ್ರಯೋಜನ ಆಗುವುದಿಲ್ಲ. ನೇರ ಅಲೆಯೊಂದೇ ಬಲವಾಗಿ ಬಂದು ನಾಲ್ಕೂ ಆಂಟೆನಾಗಳಲ್ಲಿ ಒಂದೇ ಥರ ಕೂರುತ್ತದೆ. ಆಗ ಪೋಲರೈಸೇಶನ್, ಅಂದರೆ ಅಲೆ ಕಂಪಿಸುವ ದಿಕ್ಕು, ಬದಲಿಸಿ. ಎರಡನ್ನು ನೆಟ್ಟಗೆ ನಿಲ್ಲಿಸಿ, ಎರಡನ್ನು ಮಲಗಿಸಿ, ಅಥವಾ 45 ಡಿಗ್ರಿ ಈ ಕಡೆ, 45 ಡಿಗ್ರಿ ಆ ಕಡೆ ವಾಲಿಸಿ. ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಲಾಭ ಇದು. ಗುಡ್ಡದ ನೆರಳಿನಲ್ಲಿರುವವರೂ ಇದನ್ನು ಮಾಡಿ.

ಹೆಜ್ಜೆ 3: ಸ್ವಿಚ್

ಕೇಳುವ ಕಡೆ ನಾಲ್ಕು ಆಂಟೆನಾ, ಎರಡು ಚೈನ್. ಯಾವ ಆಂಟೆನಾವನ್ನಾದರೂ ಯಾವ ಚೈನಿಗಾದರೂ ಜೋಡಿಸುವಂತಿರಬೇಕು, ಆಗ ಆರು ಜೋಡಿ ಸಿಗುತ್ತವೆ. ಖರ್ಚು ಉಳಿಸಲು ಕೆಲವರು 1 ಮತ್ತು 2ನ್ನು ಮೊದಲ ಚೈನಿಗೆ, 3 ಮತ್ತು 4ನ್ನು ಎರಡನೇ ಚೈನಿಗೆ ಮೀಸಲಿಡುತ್ತಾರೆ. ಆಗ ನಾಲ್ಕೇ ಜೋಡಿ. ಹಾಗೆ ಮಾಡುವುದಾದರೆ ಅಕ್ಕಪಕ್ಕದಲ್ಲಿರುವ, ಒಂದೇ ಥರ ಕೇಳುವ ಎರಡನ್ನು ಒಂದೇ ಗುಂಪಿಗೆ ಹಾಕಿ. ಅವೆರಡೂ ಒಟ್ಟಿಗೆ ಬೇಕಾಗುವುದು ಹೇಗೂ ಅಪರೂಪ, ಹಾಗಾಗಿ ನಷ್ಟ ಕಡಿಮೆ.

ಸ್ವಿಚ್ ಪುಕ್ಕಟೆ ಅಲ್ಲ. ಸಾಮಾನ್ಯವಾಗಿ ಅರ್ಧ ಡಿಬಿಯಿಂದ 1 ಡಿಬಿ ತನಕ ನಷ್ಟ ತರುತ್ತದೆ. ಅದು ಆಂಪ್ಲಿಫೈಯರ್‌ಗಿಂತ ಮುಂದೆ ಇದ್ದರೆ ಆ ನಷ್ಟ ಪೂರ್ತಿ ನಾಯ್ಸ್ ಫಿಗರ್‌ಗೆ (ರಿಸೀವರ್ ತಾನೇ ಸೇರಿಸುವ ನಾಯ್ಸ್‌ನ ಅಳತೆಗೆ) ಸೇರುತ್ತದೆ. ಒಂದು ಡಿಬಿ ನಷ್ಟ ಅಂದರೆ ಒಂದು ಡಿಬಿ ಕೆಟ್ಟ ರಿಸೀವರ್. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಪ್ರತಿ ಆಂಟೆನಾ ಬುಡದಲ್ಲೇ ಒಂದೊಂದು ಲೋ ನಾಯ್ಸ್ ಆಂಪ್ಲಿಫೈಯರ್ ಕೂರಿಸಿ, ಸ್ವಿಚ್ಚನ್ನು ಅದರ ಹಿಂದೆ ಇಡಿ. ಆಗ ಕೇಬಲ್ ನಷ್ಟವೂ ಅಷ್ಟಾಗಿ ತಟ್ಟುವುದಿಲ್ಲ. ಚೈನ್‌ನಲ್ಲಿ ದುಬಾರಿ ಭಾಗ ಮಿಕ್ಸರ್ ಮತ್ತು ಎಡಿಸಿ, ಅವು ಎರಡೇ ಉಳಿಯುತ್ತವೆ.

ಪ್ರಯೋಗಕ್ಕೆ ಎರಡು ಚಾನೆಲ್‌ಗಳನ್ನು ಒಂದೇ ಕ್ಲಾಕ್‌ನಲ್ಲಿ ಓಡಿಸುವ ಸಾಫ್ಟ್‌ವೇರ್ ರೇಡಿಯೋ ಬೇಕು, ಯುಎಸ್‌ಆರ್‌ಪಿ ಬಿ210 ಥರದ್ದು. ಎರಡು ಬೇರೆ ಬೇರೆ ಅಗ್ಗದ ಡಾಂಗಲ್ ಸುಮ್ನೆ ಜೋಡಿಸಿದರೆ ಆಗುವುದಿಲ್ಲ. 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ನಮ್ಮಲ್ಲಿ ಲೈಸೆನ್ಸ್ ಬೇಡ, ಆದರೆ ಪವರ್‌ಗೆ ಮಿತಿ ಇದೆ, ಅದರೊಳಗೇ ಇರಿ.

ಹೆಜ್ಜೆ 4: ನಾಲ್ಕೂ ಚಾನೆಲ್‌ಗಳನ್ನು ಅಳೆಯುವುದು

ಎರಡು ಚೈನ್‌ನಲ್ಲಿ ನಾಲ್ಕು ಆಂಟೆನಾ ಅಳೆಯಬೇಕು. ಹಾಗಾಗಿ ಕಳಿಸುವವರು ಪೈಲಟ್ ಅನ್ನು, ಅಂದರೆ ಎರಡೂ ಕಡೆಗೆ ಮೊದಲೇ ಗೊತ್ತಿರುವ ಸಿಗ್ನಲ್ಲನ್ನು, ಎರಡು ಸಲ ಕಳಿಸಬೇಕು. ಮೊದಲ ಸಲ ಆಂಟೆನಾ 1, 2 ಕೇಳುತ್ತವೆ. ಸ್ವಿಚ್ ತಿರುಗುತ್ತದೆ. ಎರಡನೇ ಸಲ 3, 4 ಕೇಳುತ್ತವೆ. ಪ್ರತಿ ಆಂಟೆನಾಗೆ ಎರಡು ಕಾಂಪ್ಲೆಕ್ಸ್ ಸಂಖ್ಯೆ ಸಿಗುತ್ತವೆ, ಕಳಿಸುವ ಎರಡು ಆಂಟೆನಾಗಳಿಗೆ ಒಂದೊಂದು. ನಾಲ್ಕು ಸಾಲು, ಎರಡು ಕಾಲಮ್. ಇದೇ ನಿಮ್ಮ ಚಾನೆಲ್ ಮ್ಯಾಟ್ರಿಕ್ಸ್. ಚಾನೆಲ್ ಅಂದರೆ ಕಳಿಸುವ ಆಂಟೆನಾದಿಂದ ಕೇಳುವ ಆಂಟೆನಾ ತನಕದ ದಾರಿ.

ಇಲ್ಲಿ ಮೂರು ಕಡೆ ಎಚ್ಚರ ಬೇಕು.

ಎಜಿಸಿ. ರಿಸೀವರ್ ತಾನಾಗಿ ಗೇನ್ ಏರಿಸಿ ಇಳಿಸುವ ವ್ಯವಸ್ಥೆ. ಮೊದಲ ಸಲ ಒಂದು ಗೇನ್, ಎರಡನೇ ಸಲ ಇನ್ನೊಂದು ಗೇನ್ ಆದರೆ ಬಲಹೀನ ಆಂಟೆನಾ ಬಲವಾದದ್ದರ ಹಾಗೆ ಕಾಣುತ್ತದೆ. ಅಳೆಯುವ ಹೊತ್ತಿನಲ್ಲಿ ಗೇನ್ ಅನ್ನು ಕಟ್ಟಿಹಾಕಿ. ಅದು ಆಗದಿದ್ದರೆ ಪ್ರತಿ ಸಲದ ಗೇನ್ ಎಷ್ಟಿತ್ತು ಅಂತ ಬರೆದುಕೊಂಡು ಭಾಗಿಸಿ.

ಎರಡು ಚೈನ್‌ಗಳ ವ್ಯತ್ಯಾಸ. ಒಂದೇ ಬೋರ್ಡಿನ ಮೇಲಿದ್ದರೂ ಎರಡು ಚೈನ್‌ಗಳ ಗೇನ್ ಸರಿಸಮ ಇರುವುದಿಲ್ಲ. ಒಂದೇ ಆಂಟೆನಾವನ್ನು ಮೊದಲು ಒಂದು ಚೈನಿಗೆ, ಆಮೇಲೆ ಇನ್ನೊಂದಕ್ಕೆ ಕೊಟ್ಟು ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನೋಡಿ, ಆ ಅಂಕಿಯಿಂದ ಸರಿಮಾಡಿ. ನಾಯ್ಸ್ ಕೂಡ ಬೇರೆ ಬೇರೆ ಇದ್ದರೆ ಪ್ರತಿ ಸಾಲನ್ನು ಅದರದೇ ನಾಯ್ಸ್ ಮಟ್ಟದಿಂದ ಭಾಗಿಸಿ.

ಇನ್ನು ಫೇಸ್. ಕಳಿಸುವ ರೇಡಿಯೋ ಮತ್ತು ಕೇಳುವ ರೇಡಿಯೋ ನಡುವೆ ಫ್ರೀಕ್ವೆನ್ಸಿ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಅದರಿಂದ ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಫೇಸ್ ತಿರುಗಿಬಿಡುತ್ತದೆ. ಇದನ್ನು ನೋಡಿ ಎಷ್ಟೋ ಜನ ಗಾಬರಿ ಬೀಳುತ್ತಾರೆ. ಬೇಡ. ಒಂದು ಸಾಲಿನ ಎರಡೂ ಸಂಖ್ಯೆಗಳು ಒಂದೇ ಕೋನದಷ್ಟು ತಿರುಗಿದರೆ ಕೆಳಗಿನ ಕೆಪಾಸಿಟಿ ಲೆಕ್ಕದಲ್ಲಿ ಒಂದು ಚೂರೂ ಬದಲಾಗುವುದಿಲ್ಲ. ಆರಿಸುವುದಕ್ಕೆ ಗೇನ್ ಸರಿ ಇರಬೇಕು, ಸಾಲಿನ ಒಟ್ಟು ಫೇಸ್ ಸರಿ ಇರಲೇಬೇಕು ಅಂತಿಲ್ಲ. ಆದರೆ ಡೇಟಾ ಬಿಡಿಸಲು ಫೇಸ್ ಬೇಕೇ ಬೇಕು. ಹಾಗಾಗಿ ಜೋಡಿ ಆರಿಸಿದ ಮೇಲೆ, ಡೇಟಾ ಜೊತೆ ಬರುವ ಪೈಲಟ್‌ನಲ್ಲಿ ಆ ಎರಡು ಆಂಟೆನಾಗಳನ್ನು ಮತ್ತೆ ಅಳೆಯಿರಿ.

ಹೆಜ್ಜೆ 5: ಲೆಕ್ಕ ಹಾಕುವುದು

ಈಗ ಮುಖ್ಯ ಜಾಗಕ್ಕೆ ಬಂದೆವು. ಕೈಯಲ್ಲೇ ಲೆಕ್ಕ ಹಾಕಲು ಆಗಲಿ ಅಂತ ಕಾಂಪ್ಲೆಕ್ಸ್ ಬಿಟ್ಟು ಸಾದಾ ಸಂಖ್ಯೆಗಳನ್ನು ನಾನೇ ಆರಿಸಿ ಕೊಡುತ್ತಿದ್ದೇನೆ. ಪೇಪರ್ ಪೆನ್ನು ತೆಗೆದುಕೊಂಡು ಜೊತೆಗೇ ಮಾಡಿ.

ಆಂಟೆನಾ 1: 1.2 ಮತ್ತು 1.1
ಆಂಟೆನಾ 2: 1.1 ಮತ್ತು 1.1
ಆಂಟೆನಾ 3: 1.0 ಮತ್ತು −0.8
ಆಂಟೆನಾ 4: 0.3 ಮತ್ತು 0.9

ಮೊದಲು ಬಲ. ಪ್ರತಿ ಸಾಲಿನ ಎರಡೂ ಸಂಖ್ಯೆಗಳ ವರ್ಗ ಮಾಡಿ ಕೂಡಿ. ಒಂದನೆಯದು 2.65, ಎರಡನೆಯದು 2.42, ಮೂರನೆಯದು 1.64, ನಾಲ್ಕನೆಯದು 0.90. ಬಲ ನೋಡಿ ಆರಿಸುವವರು ಕಣ್ಣು ಮುಚ್ಚಿ 1 ಮತ್ತು 2ನ್ನು ತೆಗೆದುಕೊಳ್ಳುತ್ತಾರೆ.

ಈಗ ಹೋಲಿಕೆ. ಎರಡು ಸಾಲುಗಳ ಮೊದಲ ಸಂಖ್ಯೆಗಳನ್ನು ಗುಣಿಸಿ, ಎರಡನೇ ಸಂಖ್ಯೆಗಳನ್ನು ಗುಣಿಸಿ, ಕೂಡಿ. 1 ಮತ್ತು 2ರ ಹೋಲಿಕೆ 1.32 ಮತ್ತು 1.21 ಸೇರಿ 2.53. 1 ಮತ್ತು 3ರ ಹೋಲಿಕೆ 1.2ರಲ್ಲಿ 0.88 ಕಳೆದು 0.32. ನಿಜವಾದ ಕಾಂಪ್ಲೆಕ್ಸ್ ಸಂಖ್ಯೆಗಳಿದ್ದರೆ ಒಂದರ ಕಾಂಜುಗೇಟ್ ತೆಗೆದುಕೊಂಡು ಗುಣಿಸಿ, ಕೊನೆಗೆ ಮಾಡ್ಯುಲಸ್ ನೋಡಿ.

ಎಸ್‌ಎನ್‌ಆರ್ ಪ್ರತಿ ಸ್ಟ್ರೀಮಿಗೆ 10 ಡಿಬಿ, ಅಂದರೆ 10 ಪಟ್ಟು ಅಂದುಕೊಳ್ಳೋಣ. ಒಂದು ಜೋಡಿಯ ಅಂಕ ಹೀಗೆ:

(1 + 10 × ಮೊದಲನೆಯದರ ಬಲ) × (1 + 10 × ಎರಡನೆಯದರ ಬಲ) − 100 × (ಹೋಲಿಕೆಯ ವರ್ಗ)

ಈ ಅಂಕಕ್ಕೆ ಬೇಸ್ 2ರ ಲಾಗ್ ತೆಗೆದರೆ ಕೆಪಾಸಿಟಿ ಬರುತ್ತದೆ, ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ ಎಷ್ಟು ಬಿಟ್ ಅಂತ. ಪುಸ್ತಕದಲ್ಲಿರುವ ಡಿಟರ್ಮಿನೆಂಟ್ ಸೂತ್ರವನ್ನೇ ಎರಡು ಸಾಲಿಗೆ ಬಿಡಿಸಿ ಬರೆದಿದ್ದೇನೆ, ಬೇರೇನಲ್ಲ.

1 ಮತ್ತು 2: 27.5 × 25.2 = 693. ಇದರಿಂದ 640.09 ಹೋಯಿತು. ಉಳಿದದ್ದು 52.91. ಕೆಪಾಸಿಟಿ 5.73.

1 ಮತ್ತು 3: 27.5 × 17.4 = 478.5. ಹೋಗಿದ್ದು ಬರೀ 10.24. ಉಳಿದದ್ದು 468.26. ಕೆಪಾಸಿಟಿ 8.87.

ಉಳಿದ ಜೋಡಿಗಳು: 2 ಮತ್ತು 3ಕ್ಕೆ 8.76, 3 ಮತ್ತು 4ಕ್ಕೆ 7.29, 1 ಮತ್ತು 4ಕ್ಕೆ 6.54, 2 ಮತ್ತು 4ಕ್ಕೆ 6.28. ನಾಲ್ಕನ್ನೂ ಬಳಸಿದ್ದರೆ 10.14 ಸಿಗುತ್ತಿತ್ತು.

ಇದನ್ನು ಸ್ವಲ್ಪ ಹೊತ್ತು ಕೂತು ನೋಡಿ. ಎಲ್ಲಕ್ಕಿಂತ ಬಲವಾದ ಜೋಡಿ ಎಲ್ಲಕ್ಕಿಂತ ಕೆಟ್ಟದ್ದು. ಎಲ್ಲಕ್ಕಿಂತ ಬಲಹೀನವಾದ 3 ಮತ್ತು 4 ಕೂಡ ಅದನ್ನು ಸೋಲಿಸುತ್ತದೆ. 693ರಲ್ಲಿ 640 ಹೋಗಿದ್ದು ಯಾಕೆ? 1 ಮತ್ತು 2 ಹೆಚ್ಚುಕಮ್ಮಿ ಒಂದೇ ಮಾತನ್ನು ಕೇಳುತ್ತಿವೆ, ಅದರಿಂದ ಎರಡು ಸ್ಟ್ರೀಮ್‌ಗಳನ್ನು ಬಿಡಿಸಲು ದಾರಿಯಿಲ್ಲ. ಮೂರನೆಯದು ಮೆಲ್ಲಗೆ ಕೇಳುತ್ತದೆ, ಆದರೆ ಬೇರೆ ಥರ ಕೇಳುತ್ತದೆ. ಸರಿಯಾದ ಎರಡನ್ನು ಆರಿಸಿದರೆ ಅರ್ಧ ಚೈನ್‌ಗಳಲ್ಲೇ ನಾಲ್ಕರ ಕೆಪಾಸಿಟಿಯ ಶೇಕಡಾ 87ಕ್ಕಿಂತ ಜಾಸ್ತಿ ಸಿಗುತ್ತದೆ.

ರಿಸೀವರ್ ಸರಳ ಜೀರೋ ಫೋರ್ಸಿಂಗ್ ಮಾದರಿಯದ್ದಾದರೆ (ಒಂದು ಸ್ಟ್ರೀಮ್ ಬಿಡಿಸುವಾಗ ಇನ್ನೊಂದನ್ನು ಪೂರ್ತಿ ಸೊನ್ನೆ ಮಾಡುವಂಥದ್ದು) ಕೆಪಾಸಿಟಿ ಬದಲು ಪ್ರತಿ ಜೋಡಿಯ ಅತಿ ಚಿಕ್ಕ ಸಿಂಗ್ಯುಲರ್ ವ್ಯಾಲ್ಯೂ (ಆ ಜೋಡಿಯ ಮ್ಯಾಟ್ರಿಕ್ಸ್ ಅತಿ ದುರ್ಬಲ ದಿಕ್ಕಿನಲ್ಲಿ ಕೊಡುವ ಗೇನ್) ನೋಡಿ, ಅದು ಯಾವುದರಲ್ಲಿ ದೊಡ್ಡದೋ ಆ ಜೋಡಿ ತೆಗೆದುಕೊಳ್ಳಿ. ಪಾಲ್‌ರಾಜ್ ಗುಂಪಿನವರು 2001ರಲ್ಲಿ ತೋರಿಸಿದ ದಾರಿ ಇದು. ಸ್ಟ್ರೀಮ್‌ಗಳಲ್ಲಿ ದುರ್ಬಲವಾದದ್ದೇ ತಪ್ಪುಗಳನ್ನು ತರುವುದರಿಂದ ಅದನ್ನೇ ಎತ್ತಿ ಹಿಡಿಯುವ ಉಪಾಯ.

ಎಸ್‌ಎನ್‌ಆರ್ ನೋಡದೆ ಆರಿಸಬೇಡಿ

ಮೇಲಿನದನ್ನು ಓದಿ "ಹಾಗಾದರೆ ಬಲ ನೋಡುವುದೇ ತಪ್ಪು" ಅಂದುಕೊಳ್ಳಬೇಡಿ. ಅದೇ ಸಂಖ್ಯೆಗಳು, ಆದರೆ ಎಸ್‌ಎನ್‌ಆರ್ −10 ಡಿಬಿ ಅನ್ನಿ. ಈಗ 10ರ ಜಾಗಕ್ಕೆ 0.1, 100ರ ಜಾಗಕ್ಕೆ 0.01.

1 ಮತ್ತು 2: 1.265 × 1.242ರಲ್ಲಿ 0.064 ಕಳೆದರೆ 1.507. ಕೆಪಾಸಿಟಿ 0.59.
1 ಮತ್ತು 3: 1.265 × 1.164ರಲ್ಲಿ 0.001 ಕಳೆದರೆ 1.471. ಕೆಪಾಸಿಟಿ 0.56.

ತಿರುಗಿಬಿತ್ತು. ಈಗ ಬಲವಾದ ಜೋಡಿಯೇ ಗೆದ್ದಿತು. ಈ ಅಂಕಿಗಳಲ್ಲಿ ಸುಮಾರು −7 ಡಿಬಿ ಹತ್ತಿರ ಲೆಕ್ಕ ಆ ಕಡೆಯಿಂದ ಈ ಕಡೆಗೆ ವಾಲುತ್ತದೆ. ಸಿಗ್ನಲ್ ತೀರಾ ಸೋತಿರುವಾಗ ಎರಡು ಸ್ಟ್ರೀಮ್ ಬಿಡಿಸುವ ಮಾತೇ ಇಲ್ಲ, ಸಿಕ್ಕಷ್ಟು ಶಕ್ತಿಯನ್ನು ಒಟ್ಟು ಮಾಡಿಕೊಳ್ಳಬೇಕು. ಇದರ ದೊಡ್ಡ ರೂಪ ನಮ್ಮ ಜಿಲ್ಲೆಯಲ್ಲೇ ಇದೆ. ಗೌರಿಬಿದನೂರಿನ ಹತ್ತಿರದ ರೇಡಿಯೋ ವೀಕ್ಷಣಾಲಯದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1976ರ ಹೊತ್ತಿಗೆ 34.5 ಮೆಗಾಹರ್ಟ್ಸ್‌ಗೆ 1,000 ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿದವು. ಆಕಾಶದಿಂದ ಬರುವ ಸಿಗ್ನಲ್ ಅಷ್ಟು ಕ್ಷೀಣ, ಅಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ, ಎಲ್ಲವನ್ನೂ ಸೇರಿಸಬೇಕು.

ಹಾಗಾಗಿ ಕೋಡ್‌ನಲ್ಲಿ ನಿಯಮವನ್ನು ಗಟ್ಟಿಯಾಗಿ ಬರೆದು ಕೂರಿಸಬೇಡಿ. ಅಳೆದ ಎಸ್‌ಎನ್‌ಆರ್ ಅನ್ನೇ ಸೂತ್ರಕ್ಕೆ ಕೊಡಿ. ಬಲಕ್ಕೆ ಎಷ್ಟು ಬೆಲೆ, ಹೋಲಿಕೆಗೆ ಎಷ್ಟು ದಂಡ ಅಂತ ಸೂತ್ರವೇ ತೀರ್ಮಾನ ಮಾಡುತ್ತದೆ.

ಹೆಜ್ಜೆ 6: ಆಂಟೆನಾ ಜಾಸ್ತಿ ಆದಾಗ

ನಾಲ್ಕರಲ್ಲಿ ಎರಡು ಅಂದರೆ ಆರೇ ಜೋಡಿ, ಎಲ್ಲವನ್ನೂ ಲೆಕ್ಕ ಹಾಕಿ. 16ರಲ್ಲಿ 8 ಅಂದರೆ 12,870 ಗುಂಪು. 64ರಲ್ಲಿ 8 ಅಂದರೆ 442 ಕೋಟಿಗೂ ಹೆಚ್ಚು. ಅಷ್ಟನ್ನು ಲೆಕ್ಕ ಹಾಕುವಷ್ಟರಲ್ಲಿ ಚಾನೆಲ್ ಬದಲಾಗಿರುತ್ತದೆ.

ಆಗ ಒಂದೊಂದಾಗಿ ಆರಿಸುವ ಗ್ರೀಡಿ ವಿಧಾನ ಹಿಡಿಯಿರಿ. ಮೊದಲು ಅತಿ ಬಲವಾದ ಒಂದನ್ನು ತೆಗೆದುಕೊಳ್ಳಿ. ಆಮೇಲೆ ಉಳಿದ ಪ್ರತಿಯೊಂದನ್ನೂ ಅದರ ಜೊತೆ ಸೇರಿಸಿ ನೋಡಿ, ಯಾವುದರಿಂದ ಕೆಪಾಸಿಟಿ ಹೆಚ್ಚು ಏರುತ್ತದೋ ಅದನ್ನು ಉಳಿಸಿಕೊಳ್ಳಿ. ಬೇಕಾದಷ್ಟು ಆಗುವ ತನಕ ಹೀಗೇ ಮುಂದುವರಿಸಿ. ನಮ್ಮ ಉದಾಹರಣೆಯಲ್ಲಿ ಮೊದಲು 1 ಬರುತ್ತದೆ, ಆಮೇಲೆ 2, 3, 4ನ್ನು ಸೇರಿಸಿ ನೋಡಿದರೆ 5.73, 8.87, 6.54. ಮೂರನೆಯದು ಗೆಲ್ಲುತ್ತದೆ. ಸರಿಯಾದ ಉತ್ತರವೇ ಸಿಕ್ಕಿತು. 16ರಲ್ಲಿ 8ಕ್ಕೆ 100 ಲೆಕ್ಕ, 64ರಲ್ಲಿ 8ಕ್ಕೆ 484 ಲೆಕ್ಕ, ಅಷ್ಟರಲ್ಲಿ ಮುಗಿಯಿತು. ಪ್ರತಿ ಸಲವೂ ಅತ್ಯುತ್ತಮವೇ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ, ಆದರೆ ಸಾಮಾನ್ಯವಾಗಿ ಅದಕ್ಕೆ ತೀರಾ ಹತ್ತಿರ ಇರುತ್ತದೆ. ಎಲ್ಲದರಿಂದ ಶುರು ಮಾಡಿ ಕೆಲಸಕ್ಕೆ ಬಾರದ್ದನ್ನು ಒಂದೊಂದಾಗಿ ಕಿತ್ತುಹಾಕುವ ದಾರಿಯೂ ಇದೆ. ಸ್ವಲ್ಪನೇ ಬಿಡಬೇಕಾದಾಗ, ಅಂದರೆ 16ರಲ್ಲಿ 14 ಇಟ್ಟುಕೊಳ್ಳುವಾಗ, ಅದು ಬೇಗ ಮುಗಿಯುತ್ತದೆ.

ಒಎಫ್‌ಡಿಎಂ (ಬ್ಯಾಂಡನ್ನು ಸಬ್‌ಕ್ಯಾರಿಯರ್ ಅನ್ನುವ ಹಲವು ಸಣ್ಣ ಪಟ್ಟಿಗಳಾಗಿ ಹಂಚುವ ವಿಧಾನ) ಬಳಸುತ್ತಿದ್ದರೆ ಪ್ರತಿ ಸಬ್‌ಕ್ಯಾರಿಯರ್‌ಗೂ ಮ್ಯಾಟ್ರಿಕ್ಸ್ ಬೇರೆ. ಸ್ವಿಚ್ ಮಾತ್ರ ಇಡೀ ಬ್ಯಾಂಡಿಗೆ ಒಂದೇ. ಹಾಗಾಗಿ ಪ್ರತಿ ಜೋಡಿಗೂ ಎಲ್ಲ ಸಬ್‌ಕ್ಯಾರಿಯರ್‌ಗಳ ಕೆಪಾಸಿಟಿ ಕೂಡಿ, ಒಟ್ಟು ನೋಡಿ ಆರಿಸಿ. ಲೆಕ್ಕ ಭಾರ ಅನ್ನಿಸಿದರೆ ಹತ್ತಕ್ಕೊಂದು ಸಬ್‌ಕ್ಯಾರಿಯರ್ ತೆಗೆದುಕೊಂಡರೂ ನಡೆಯುತ್ತದೆ. ಬ್ಯಾಂಡ್ ಅಗಲ ಆದಷ್ಟೂ ಒಂದು ಕಡೆಯ ಒಳ್ಳೆಯದು ಇನ್ನೊಂದು ಕಡೆಯ ಕೆಟ್ಟದ್ದನ್ನು ಸರಿತೂಗಿಸಿ ಜೋಡಿಗಳ ನಡುವಿನ ವ್ಯತ್ಯಾಸ ಕಡಿಮೆ ಆಗುತ್ತದೆ. ಲಾಭ ಕಡಿಮೆ ಕಂಡರೆ ಕೋಡ್ ತಪ್ಪು ಅಂತ ಅಲ್ಲ.

ಹೆಜ್ಜೆ 7: ಎಷ್ಟು ಹೊತ್ತಿಗೊಮ್ಮೆ ಆರಿಸಬೇಕು

ಚಾನೆಲ್ ಎಷ್ಟು ಹೊತ್ತು ಹಾಗೇ ಇರುತ್ತದೆ ಅನ್ನುವುದರ ಮೇಲೆ ನಿಂತಿದೆ. ವೇಗವನ್ನು ತರಂಗದ ಉದ್ದದಿಂದ ಭಾಗಿಸಿದರೆ ಡಾಪ್ಲರ್ (ಚಲನೆಯಿಂದ ಆಗುವ ಫ್ರೀಕ್ವೆನ್ಸಿ ಬದಲಾವಣೆ) ಸಿಗುತ್ತದೆ, 0.423ನ್ನು ಡಾಪ್ಲರ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ ಆ ಹೊತ್ತು ಸಿಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಗಂಟೆಗೆ 5 ಕಿಲೋಮೀಟರ್ ನಡೆಯುವವರಿಗೆ ಡಾಪ್ಲರ್ 11 ಹರ್ಟ್ಸ್, ಹೊತ್ತು ಸುಮಾರು 38 ಮಿಲಿಸೆಕೆಂಡ್. ಬಾಗೇಪಲ್ಲಿ ಕಡೆ ಹೆದ್ದಾರಿ 44ರಲ್ಲಿ 100 ಕಿಲೋಮೀಟರ್ ವೇಗದ ಕಾರಿಗೆ 222 ಹರ್ಟ್ಸ್, ಹೊತ್ತು 2 ಮಿಲಿಸೆಕೆಂಡಿಗಿಂತ ಕಡಿಮೆ. ಎರಡು ಸಲ ಪೈಲಟ್ ಕೇಳುವುದು, ಲೆಕ್ಕ, ಸ್ವಿಚ್ ತಿರುಗುವುದು, ಡೇಟಾ ಬರುವುದು ಎಲ್ಲ ಇದರೊಳಗೆ ಮುಗಿಯಬೇಕು. ಕಾರಿನಲ್ಲಿ ಕಷ್ಟ. ಅಲ್ಲಿ ಕ್ಷಣ ಕ್ಷಣದ ಅಳತೆಯ ಬದಲು ಸರಾಸರಿ ಅಳತೆ ನೋಡಿ ಆರಿಸುವುದು ವಾಸಿ, ಇಲ್ಲದಿದ್ದರೆ ಹಳಸಿದ ಮಾಹಿತಿ ಮೇಲೆ ತೀರ್ಮಾನ ಮಾಡಿದ ಹಾಗಾಗುತ್ತದೆ.

ತಾರಸಿಯಿಂದ ತಾರಸಿಗೆ ಹಾಕಿದ ಲಿಂಕ್‌ನಲ್ಲಿ ಚಾನೆಲ್ ನಿಧಾನ. ಸೆಕೆಂಡಿಗೊಮ್ಮೆ ನೋಡಿದರೂ ಹೆಚ್ಚೇ. ಅಲ್ಲಿನ ತೊಂದರೆ ಬೇರೆ: ಎರಡು ಜೋಡಿಗಳು ಹೆಚ್ಚುಕಮ್ಮಿ ಸಮ ಇದ್ದರೆ ಅಳತೆಯ ನಾಯ್ಸ್‌ಗೇ ಸ್ವಿಚ್ ಆ ಕಡೆ ಈ ಕಡೆ ಕುಣಿಯುತ್ತದೆ, ಪ್ರತಿ ಸಲ ಒಂದಿಷ್ಟು ಡೇಟಾ ಹಾಳು. ಹೊಸ ಜೋಡಿ ಈಗಿನದಕ್ಕಿಂತ ಶೇಕಡಾ 5ರಷ್ಟಾದರೂ ಮೇಲಿದ್ದರೆ ಮಾತ್ರ ಬದಲಿಸಿ ಅಂತ ಒಂದು ಅಂಚು ಇಡಿ. 8.87 ಮತ್ತು 8.76ರ ನಡುವೆ ಓಡಾಡುವುದರಲ್ಲಿ ಅರ್ಥವಿಲ್ಲ.

ಕಳಿಸುವ ಕಡೆ ಆರಿಸುವುದಾದರೆ

ಲೆಕ್ಕ ಅದೇ, ಸಾಲಿನ ಬದಲು ಕಾಲಮ್ ಆರಿಸುತ್ತೀರಿ. ಕಷ್ಟ ಏನೆಂದರೆ ಚಾನೆಲ್ ಗೊತ್ತಿರುವುದು ಕೇಳುವವರಿಗೆ, ಆರಿಸಬೇಕಾದ್ದು ಕಳಿಸುವವರು. ಕೇಳುವವರು ಲೆಕ್ಕ ಹಾಕಿ ಜೋಡಿಯ ನಂಬರ್ ಅಷ್ಟೇ ವಾಪಸ್ ಕಳಿಸಲಿ. ಆರು ಜೋಡಿಗೆ ಮೂರು ಬಿಟ್ ಸಾಕು. ಇಡೀ ಮ್ಯಾಟ್ರಿಕ್ಸ್ ಕಳಿಸುವುದಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ, ಕಳಿಸುವ ಕಡೆ ಆಂಟೆನಾ ಸೆಲೆಕ್ಷನ್ ಇಷ್ಟು ಜನಪ್ರಿಯ ಆಗಿದ್ದು ಇದಕ್ಕೇ. ಮೂರು ಬಿಟ್ ತಪ್ಪಾಗಿ ತಲುಪಿದರೆ ಎಲ್ಲ ಹಾಳು, ಹಾಗಾಗಿ ಅದಕ್ಕೆ ಗಟ್ಟಿ ಕೋಡಿಂಗ್ ಕೊಡಿ.

ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿ ಮೇಲೆ ಮಾತಾಡುವ ಟಿಡಿಡಿ ಲಿಂಕ್‌ನಲ್ಲಿ ಗಾಳಿಯಲ್ಲಿನ ಚಾನೆಲ್ ಎರಡೂ ಕಡೆಗೆ ಒಂದೇ. 5ಜಿ ಫೋನುಗಳು ಇದನ್ನೇ ಬಳಸಿಕೊಳ್ಳುತ್ತವೆ: ಕಳಿಸುವ ಚೈನ್ ಒಂದೇ ಇದ್ದರೂ ಸೌಂಡಿಂಗ್ ಸಿಗ್ನಲ್ಲನ್ನು (ಚಾನೆಲ್ ಅಳೆಯಲು ಕಳಿಸುವುದು) ನಾಲ್ಕೂ ಆಂಟೆನಾಗಳಿಂದ ಸರದಿಯಲ್ಲಿ ಕಳಿಸಿ ಟವರಿಗೆ ಪೂರ್ತಿ ಚಿತ್ರ ಕೊಡುತ್ತವೆ. ನೀವು ಇದನ್ನು ಮಾಡುವುದಾದರೆ ಕಳಿಸುವ ಚೈನ್ ಮತ್ತು ಕೇಳುವ ಚೈನ್‌ಗಳ ವ್ಯತ್ಯಾಸವನ್ನು ಮೊದಲು ಕ್ಯಾಲಿಬ್ರೇಟ್ ಮಾಡಿ.

ಹೆಜ್ಜೆ 8: ಕೆಲಸ ಮಾಡುತ್ತಿದೆಯಾ ಅಂತ ನೋಡುವುದು

ಮೊದಲು ನಂಬರ್ ಸರಿಯಿದೆಯಾ ನೋಡಿ. ಒಂದು ಆಂಟೆನಾ ಬಿಚ್ಚಿ ಆ ಜಾಗಕ್ಕೆ 50 ಓಮ್ ಟರ್ಮಿನೇಟರ್ ಹಾಕಿ. ಅಳತೆಯ ದಾಖಲೆಯಲ್ಲಿ ಅದೇ ನಂಬರಿನ ಸಾಲು ಸೊನ್ನೆಗೆ ಇಳಿಯಬೇಕು. ಬೇರೆ ಯಾವುದೋ ಇಳಿದರೆ ಸ್ವಿಚ್ಚಿನ ಕಂಟ್ರೋಲ್ ವೈರ್ ಅದಲುಬದಲಾಗಿದೆ. ನಾಲ್ಕಕ್ಕೂ ಹೀಗೆ ಮಾಡಿ. ಐದು ನಿಮಿಷದ ಕೆಲಸ, ಬಿಡಬೇಡಿ.

ಆಮೇಲೆ ಹೋಲಿಸಿ ನೋಡಿ. ಆರಿಸಿದ ಜೋಡಿ ಒಂದಿಷ್ಟು ಹೊತ್ತು, ಗಟ್ಟಿಯಾಗಿ ಕಟ್ಟಿದ ಜೋಡಿ ಒಂದಿಷ್ಟು ಹೊತ್ತು, ಹೀಗೆ ಸರದಿಯಲ್ಲಿ ಓಡಿಸಿ ಡೇಟಾ ವೇಗ ಬರೆದುಕೊಳ್ಳಿ. ಬೆಳಿಗ್ಗೆ ಒಂದನ್ನು, ಸಂಜೆ ಇನ್ನೊಂದನ್ನು ಅಳೆದು ಹೋಲಿಸಬೇಡಿ, ಸಂಜೆ ಸುತ್ತಲಿನ ವೈಫೈ ಗಲಾಟೆಯೇ ಬೇರೆ. ಸರಾಸರಿ ಜೊತೆಗೆ ಅತಿ ಕೆಟ್ಟ ಕ್ಷಣಗಳನ್ನೂ ನೋಡಿ, ಸೆಲೆಕ್ಷನ್‌ನ ನಿಜವಾದ ಲಾಭ ಅಲ್ಲೇ ಕಾಣುತ್ತದೆ.

ಪ್ರತಿ ಜೋಡಿ ಎಷ್ಟು ಸಲ ಆಯ್ಕೆ ಆಯಿತು ಅಂತಲೂ ಎಣಿಸಿ. ಒಂದು ಆಂಟೆನಾ ಒಮ್ಮೆಯೂ ಬರದಿದ್ದರೆ ಅದರ ಕನೆಕ್ಟರ್ ನೋಡಿ, ನೀರು ಹೋಗಿರಬಹುದು. ಸರಿಯಿದ್ದರೆ ಅದನ್ನು ಬೇರೆ ಜಾಗಕ್ಕೆ ಸರಿಸಿ ಅಥವಾ ವಾಲಿಸಿ. ಇನ್ನು ಸ್ಥಿರ ಲಿಂಕ್‌ನಲ್ಲಿ ದಿನಗಟ್ಟಲೆ ಒಂದೇ ಜೋಡಿ ಗೆಲ್ಲುತ್ತಿದ್ದರೆ ಸ್ವಿಚ್ ನಿಮಗೆ ಬೇಡ. ಅದನ್ನು ತೆಗೆದು ಆ ಎರಡು ಕೇಬಲ್‌ಗಳನ್ನು ನೇರವಾಗಿ ಚೈನಿಗೆ ಕೊಡಿ, ಸ್ವಿಚ್ ತಿನ್ನುತ್ತಿದ್ದ ಡಿಬಿ ವಾಪಸ್ ಬರುತ್ತದೆ. ಉಳಿದ ಎರಡು ಆಂಟೆನಾ ಹತ್ತಿರದಲ್ಲೇ ನಿಂತಿದ್ದರೆ ಅವುಗಳ ತುದಿಯನ್ನು ಸುಮ್ನೆ ತೆರೆದು ಬಿಡಬೇಡಿ. 50 ಓಮ್ ಟರ್ಮಿನೇಟರ್ ಹಾಕಿ, ಇಲ್ಲವೇ ಬಿಚ್ಚಿ ಇಡಿ, ಯಾಕೆಂದರೆ ತೆರೆದ ಆಂಟೆನಾ ಪಕ್ಕದ್ದರ ಪ್ಯಾಟರ್ನ್ ಬದಲಿಸುತ್ತದೆ ಮತ್ತು ನೀವು ಅಳೆದ ಅಂಕಿಗಳು ಆಗ ಸರಿಹೊಂದುವುದಿಲ್ಲ.